ಬೋಳು ನಾಯಿಗೆ ಮಾತು ಹಾಕುತ್ತಿದ್ದವರು

ಅವರಿಗೆ ಗೊತ್ತಿದ್ದ ಇಂಗ್ಲಿಷ್ ಪದಗಳು ನಾಲ್ಕು: ಸ್ಟಾರ್ಟ್, ಪಾಜ್, ಲೋಡಿಂಗ್, ಗೇಮ್ ಓವರ್. ಈ ನಾಲ್ಕರಲ್ಲೇ ಅವರು ಲೋಕವ್ಯವಹಾರ ಮುಗಿಸುತ್ತಿದ್ದರು. ನಾನು ಯಾವುದಾದರೂ ಪ್ರಶ್ನೆಗೆ ತಕ್ಷಣ ಉತ್ತರ ಕೊಡದೆ ಕನ್ನಡಕ ಒರೆಸುತ್ತ ನಿಂತರೆ, "ತಡೀರಪಾ, ಸರ್ ಲೋಡಿಂಗ್ ಆಗಾಕತ್ತಾರ" ಎಂದು ಅಂಗಡಿಯಲ್ಲಿದ್ದವರಿಗೆ ಹೇಳುತ್ತಿದ್ದರು. ಎದುರುಮನೆಯ ಹುಡುಗಿಯ ನಿಶ್ಚಿತಾರ್ಥ ಮುರಿದುಬಿದ್ದಾಗ ಅವಳ ತಂದೆಯ ಭುಜದ ಮೇಲೆ ಕೈಯಿಟ್ಟು, "ಪಾಜ್ ಆಗೇದ ಅಷ್ಟ, ಗೇಮ್ ಓವರ್ ಅಲ್ಲ" ಎಂದಿದ್ದರು. ಹಾಗೆಂದು ನನ್ನ ನೆನಪು. ಅವರ ವಿಷಯ ಬಂದಾಗ ನೆನಪು ಎಂಬ ಮಾತನ್ನು ನಾನು ಅಂಜುತ್ತಲೇ ಬಳಸುತ್ತೇನೆ. ಅದು ಎಷ್ಟು ವರ್ಷ ನನ್ನ ಪರವಾಗಿಯೇ ಸಾಕ್ಷಿ ಹೇಳಿಕೊಂಡು ಬಂದಿತ್ತು ಎಂಬುದು ಈಗ ತಿಳಿದಿದೆ.

ರಾಯಚೂರಿನ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಅದರ ಮೇಲಿನ ಖೋಲಿಯಲ್ಲಿ ನಾನು ಬಾಡಿಗೆಗಿದ್ದೆ. ಜಾನಪದದಲ್ಲಿ ಎಂ.ಎ. ಮುಗಿಸಿ, ಮಾನ್ವಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲ ಅದು. ಓಣಿಯವರೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಅದನ್ನೇ ಹಿಡಿದೆ. ಮೊದಲು ರೇಡಿಯೊ ರಿಪೇರಿ, ಆಮೇಲೆ ಟೇಪ್ ರೆಕಾರ್ಡರ್, ಆಮೇಲೆ ಟೀವಿ. ಒಂದೊಂದೇ ಸಾಮಾನು ಜನರ ಮನೆಯಿಂದ ಮಾಯವಾದಂತೆ ಅವರ ಕಸುಬೂ ಒಂದೊಂದು ಮೆಟ್ಟಿಲು ಇಳಿದು, ಕೊನೆಗೆ ಎರಡು ಟೀವಿ, ಆರು ಪ್ಲಾಸ್ಟಿಕ್ ಸ್ಟೂಲುಗಳ ವಿಡಿಯೊ ಗೇಮ್ ಅಂಗಡಿಗೆ ಬಂದು ನಿಂತಿತ್ತು. ಬೇಸಗೆಯಲ್ಲಿ ನನ್ನ ಖೋಲಿ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಕೆಳಗೆ ಅವರ ಕೂಲರ್ ಇತ್ತು. ನಾನು ಅಲ್ಲಿಗೆ ಹೋಗಲು ಶುರು ಮಾಡಿದ್ದು ಕೂಲರಿಗಾಗಿ, ಕಥೆಗಾಗಿ ಅಲ್ಲ.

ಅವರ ಅಂಗಡಿಯಲ್ಲಿ ಗುದ್ದಾಟದ ಆಟ, ಕಾರಿನ ಆಟ, ಕ್ರಿಕೆಟ್ ಎಲ್ಲ ಇದ್ದವು. ಆದರೆ ದೊಡ್ಡ ಟೀವಿ ಮೀಸಲಾಗಿದ್ದುದು ಒಂದೇ ಆಟಕ್ಕೆ. ಮೆಕ್ಸಿಕೋ ದೇಶದ ಜನಪದ ಕಥೆಗಳನ್ನು ಕಲಸಿ ಯಾರೋ ಮಾಡಿದ ತಮಾಷೆಯ ಆಟ. ಕೆಂಪು ಮುಖವಾಡದ ಒಬ್ಬ ಕುಸ್ತಿಪಟು. ಅವನು ಕಟ್ಟೆಯಿಂದ ಕಟ್ಟೆಗೆ ಹಾರುತ್ತ, ಎದುರಾದವರನ್ನು ಎತ್ತಿ ಒಗೆಯುತ್ತ ಹೋಗಬೇಕು. ಒಂದು ಗುಂಡಿ ಒತ್ತಿದರೆ ಬದುಕಿದವರ ಊರು, ಇನ್ನೊಂದು ಸಲ ಒತ್ತಿದರೆ ಅದೇ ಊರು, ಆದರೆ ಸತ್ತವರದ್ದು. ಸತ್ತವರೆಲ್ಲ ಎಲುಬಿನ ಹಂದರಗಳು. ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಕೊಂಡು, ಬಾಜಾ ಬಾರಿಸಿಕೊಂಡು, ಬದುಕಿದವರಿಗಿಂತ ಖುಷಿಯಾಗಿರುವವರು. ಸಂದು ಸಣ್ಣದಾದರೆ ಕುಸ್ತಿಪಟು ಮೈಮೇಲೆ ಒಂದೂ ಕೂದಲಿಲ್ಲದ ಬೋಳು ನಾಯಿಯಾಗಿ ತೂರಿಹೋಗಬೇಕು. ಆ ದೇಶದಲ್ಲಿ ಸತ್ತವರನ್ನು ಹೊಳೆ ದಾಟಿಸುವುದು ಅಂಥ ನಾಯಿಯಂತೆ. ಇದನ್ನು ನಾನು ಓದಿ ಅವರಿಗೆ ಹೇಳಿದೆ.

"ಮೆಕ್ಸಿಕೋ ಎಲ್ಲಿ ಬರ್ತದ್ರಿ ಸರ್?" ಎಂದು ಕೇಳಿದರು.

"ಅಮೆರಿಕದ ಕೆಳಗೆ."

"ಅಂದ್ರ ಹೈದರಾಬಾದಿನ ಕೆಳಗ ನಾವಿದ್ದಂಗ. ಮೆಣಸಿನಕಾಯಿ ತಿಂತಾರೇನು?"

"ಬಹಳ ತಿನ್ನುತ್ತಾರೆ."

"ಬಿಸಲು?"

"ಅದೂ ಬಹಳ."

"ಮತ್ತ ರಾಯಚೂರs ಆತಲ್ರೀ ಅದು. ಸುಮ್ಮನ ಅಷ್ಟು ದೂರ ಇಟ್ಟಾರ."

ಆ ಆಟದಲ್ಲಿ ಪಾತ್ರಗಳು ಬಾಯಲ್ಲಿ ಮಾತಾಡುವುದಿಲ್ಲ. ತಲೆಯ ಮೇಲೆ ಒಂದು ಚೌಕ ಮೂಡಿ ಅದರೊಳಗೆ ಇಂಗ್ಲಿಷ್ ಅಕ್ಷರ ಬರುತ್ತವೆ, ಅಷ್ಟೇ. ಆಡುವವರಿಗೆ ಓದುವ ವ್ಯವಧಾನವಿಲ್ಲ, ಚಾಚಾ ಅವರಿಗೆ ಓದಲು ಬರುವುದಿಲ್ಲ. ಹಾಗಾಗಿ ಅವರು ಆ ಚೌಕಗಳಿಗೆ ಮಾತು ಹಾಕಲು ಶುರು ಮಾಡಿದ್ದರು. ಹಿಂದಿನ ಸ್ಟೂಲಿನ ಮೇಲೆ ಕೂತು, ಎಡಮೊಣಕಾಲು ಹಿಡಿದುಕೊಂಡು, ಟೆಸ್ಟರನ್ನು ಕಿವಿಗೆ ಸಿಕ್ಕಿಸಿ, ಒಂದೊಂದು ಹಂದರಕ್ಕೆ ಒಂದೊಂದು ದನಿ. ಜಾಯ್‌ಸ್ಟಿಕ್ ಎಂಬ ಆಟದ ಕೋಲನ್ನು ಮುಟ್ಟುತ್ತಿರಲಿಲ್ಲ. "ಆಡೋರು ಆಡ್ರಿ, ಮಾತಾಡಾದು ನನ್ನ ಕೆಲಸ" ಎನ್ನುತ್ತಿದ್ದರು.

ಸತ್ತವರ ಊರಿನ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಲ್ಲುತ್ತಾನೆ. ಆ ಚೌಕದಲ್ಲಿ ನಿಜಕ್ಕೂ ಏನು ಬರೆದಿತ್ತೋ ನಾನು ಯಾವತ್ತೂ ಓದಲಿಲ್ಲ. ನಮಗೆ ಕೇಳಿಸಿದ್ದು ಇದು:

"ಏ, ಯಾವೂರಾಂವಲೇ ನೀನು?"

"ಮಾನ್ವಿ ಕಡೀಂವ್ರಿ ಯಪ್ಪಾ. ಪೈಲ್ವಾನ್ ಅದೀನಿ."

"ಸತ್ತೀಯೇನು?"

"ಇನ್ನಾ ಇಲ್ರಿ."

"ಸಾಯದ ಒಳಗ ಬಿಡಂಗಿಲ್ಲ. ಆಧಾರ ಕಾರ್ಡ್ ತಂದೀ?"

"ಝೆರಾಕ್ಸ್ ಅದ ರೀ."

"ಝೆರಾಕ್ಸ್ ನಡ್ಯಂಗಿಲ್ಲ. ಒರಿಜಿನಲ್ ತಗೊಂಡು ಸಾಯಿ."

ಇಷ್ಟು ಹೊತ್ತಿಗೆ ಆಡುವವನು ನಗುತ್ತ ಗುಂಡಿ ತಪ್ಪಿ ಒತ್ತಿ, ಪೈಲ್ವಾನ ಕಾವಲುಗಾರನ ಕೈಲಿ ಏಟು ತಿಂದು ಬಿದ್ದಿರುತ್ತಿದ್ದ. ಬೋಳು ನಾಯಿಯಾದಾಗ ಪೈಲ್ವಾನನಿಗೆ ಬೇರೆಯೇ ದನಿ, ಸ್ವಲ್ಪ ಮೂಗಿನಲ್ಲಿ. "ಕೂದಲು ಹೋದ್ರ ಹೋಗಲಿ ಬಿಡು, ಬ್ಯಾಸಗಿಗೆ ತಂಪು." ಹೊಳೆ ಬಂದರೆ ಅದು ಕೃಷ್ಣೆ. ದೇವಸುಗೂರಿನ ಸೇತುವೆ ದುರಸ್ತಿಯಲ್ಲಿರುವುದರಿಂದ ಸತ್ತವರು ನಾಯಿಯ ಬೆನ್ನ ಮೇಲೆ ಹೋಗಬೇಕು. ಕೆಳಗೆ ಮೊಸಳೆ ಕಂಡರೆ, "ಚಾಚಾ ಸಲಾಂ, ನಾವು ಮೊದಲs ಸತ್ತೀವಿ, ನಿಮಗ ರುಚಿ ಹತ್ತಂಗಿಲ್ಲ."

ಆ ಊರಿನ ಒಂದು ಮೂಲೆಯಲ್ಲಿ ರೊಟ್ಟಿ ಮಾರುವ ಒಬ್ಬ ಹೆಂಗಸು ಕೂತಿರುತ್ತಿದ್ದಳು. ಅವಳೂ ಎಲುಬಿನ ಹಂದರವೇ, ತಲೆ ತುಂಬ ಹೂವು. ಆಟಕ್ಕೆ ಅವಳಿಂದ ಏನೂ ಉಪಯೋಗವಿಲ್ಲ. ಹತ್ತಿರ ಹೋದರೆ ಒಂದು ಚೌಕ ಮೂಡುತ್ತದೆ, ಪ್ರತಿ ಸಲ ಅದೇ. ಅವಳಿಗೆ ಅವರು ಕೊಟ್ಟಿದ್ದು ಒಂದೇ ಸಾಲು, ಮೆಲ್ಲಗೆ, ದಖನಿಯಲ್ಲಿ: "ಚಾ ಪೀಕೋ ಜಾವ್ ಜೀ." ಚಹಾ ಕುಡಿದು ಹೋಗಿ ಎಂದು. ತೀರಿಹೋದ ಅವರ ಹೆಂಡತಿ ಬಾಗಿಲಲ್ಲಿ ನಿಂತು ದಿನವೂ ಹೇಳುತ್ತಿದ್ದ ಮಾತು ಅದು. ಓಣಿಯವರಿಗೆಲ್ಲ ಗೊತ್ತಿತ್ತು. ಅದಕ್ಕೆ ಯಾರೂ ನಗುತ್ತಿರಲಿಲ್ಲ. ಆದರೆ ಎಂಥ ಅವಸರದ ಆಟಗಾರನೂ ಪೈಲ್ವಾನನನ್ನು ಆ ಮೂಲೆಗೆ ಒಮ್ಮೆ ಕರೆದುಕೊಂಡು ಹೋಗಿ, ಆ ಸಾಲು ಕೇಳಿಸಿಯೇ ಮುಂದೆ ಹೋಗುತ್ತಿದ್ದ. ನಾನೂ ಹಾಗೆಯೇ ಮಾಡುತ್ತಿದ್ದೆ.

ಹೌದು, ನಾನೂ ಆಡುತ್ತಿದ್ದೆ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುವುದು ಮುಖ್ಯ. ಕಾಲೇಜಿನಿಂದ ಬಂದ ಮೇಲೆ, ಭಾನುವಾರ ಇಡೀ ಮಧ್ಯಾಹ್ನ, ಒಂದು ವರ್ಷಕ್ಕಿಂತ ಹೆಚ್ಚು ಕಾಲ. ಮಾನ್ವಿಯಲ್ಲಿ ನಮ್ಮದು ಗುಡಿ ಪೂಜೆ ಮತ್ತು ಮಾಸ್ತರಿಕೆಯ ಮನೆತನ. ಸತ್ತವರಿಗೆ ನಮ್ಮಲ್ಲಿ ಮಡಿ, ದರ್ಭೆ, ಎಳ್ಳು, ಮೌನ. ನಾನು ಅದನ್ನೆಲ್ಲ ಬಿಟ್ಟವನು, ದೇವರನ್ನೂ. ಒಂದು ಸಲ ಅವರು ಕೇಳಿದರು, "ಸರ್, ನಿಮ್ಮ ಮನ್ಯಾಗ ಸತ್ತೋರಿಗೆ ಊಟ ಹಾಕ್ತೀರಲ್ರಿ, ನಗಸ್ತೀರೇನು?" ಇಲ್ಲ ಎಂದೆ. "ಪಾಪ, ವರ್ಷಕ್ಕೊಮ್ಮೆ ಬಂದಿರ್ತಾರ" ಎಂದರು. ನಾನು ಕನ್ನಡಕ ಒರೆಸತೊಡಗಿದೆ. ಲೋಡಿಂಗ್ ಎಂದು ಅವರೇ ಹೇಳಿ ಬಿಟ್ಟುಕೊಟ್ಟರು.

ಮಾನ್ವಿಯ ಕಾಲೇಜಿನಲ್ಲಿ ಕಥೆ ಹೇಳುವವರ ಕುರಿತು ಒಂದು ವಿಚಾರ ಸಂಕಿರಣ ಗೊತ್ತಾಯಿತು. ಹೊರಗಿನಿಂದ ಒಬ್ಬ ದೊಡ್ಡ ಪ್ರಾಧ್ಯಾಪಕರು ಬರುವವರಿದ್ದರು. ಆ ವರ್ಷವೇ ನನ್ನ ಕೆಲಸ ಕಾಯಂ ಆಗುವ ಮಾತಿತ್ತು, ಆಯ್ಕೆ ಸಮಿತಿಯಲ್ಲಿ ಅವರೂ ಇದ್ದರು. ಪ್ರತಿಯೊಬ್ಬ ಅಧ್ಯಾಪಕರೂ ಒಬ್ಬೊಬ್ಬ ವಕ್ತೃವನ್ನು, ಅಂದರೆ ಕಥೆ ಹೇಳುವವರನ್ನು, ವೇದಿಕೆಗೆ ತರಬೇಕು. ನಾನು ದೇವದುರ್ಗ, ಕವಿತಾಳದ ಕಡೆ ಎರಡು ವಾರ ತಿರುಗಿದೆ. ಸಿಕ್ಕವರೆಲ್ಲ ಪುಸ್ತಕದಲ್ಲಿ ಆಗಲೇ ಇದ್ದ ಕಥೆಗಳನ್ನೇ ಹೇಳಿದರು. ಕೊನೆಗೆ ಕೆಳಗಿಳಿದು ಬಂದು ಚಾಚಾ ಅವರನ್ನು ಕೇಳಿದೆ. ನಾನು ಹೇಳಿದ್ದು "ನಿಮಗೆ ಇಷ್ಟವಾದ ಕಥೆ ಹೇಳಿ" ಎಂದು. ಹಾಗೆಂದು ಬಹಳ ವರ್ಷ ನಂಬಿದ್ದೆ.

ನಮ್ಮ ಶಾಸ್ತ್ರದಲ್ಲಿ ಕಥೆಯ ಜೊತೆ ಒಂದು ನಮೂನೆ ತುಂಬುವ ಪದ್ಧತಿಯಿದೆ. ವಕ್ತೃವಿನ ಹೆಸರು, ವಯಸ್ಸು, ಜಾತಿ, ಕಸುಬು, ಕೊನೆಯಲ್ಲಿ 'ಕಥೆ ಯಾರಿಂದ ಕೇಳಿದ್ದು' ಎಂಬ ಒಂದು ಕಾಲಂ. ಆ ಕಾಲಮ್ಮಿನಲ್ಲಿ ನೂರಕ್ಕೆ ತೊಂಬತ್ತು ಸಲ 'ಅಜ್ಜಿಯಿಂದ' ಎಂದಿರುತ್ತದೆ. ಅಜ್ಜಿ ಇಲ್ಲದಿದ್ದರೆ ಜಾನಪದವೇ ಇಲ್ಲ ಎನ್ನುವಷ್ಟು. ನಾನು ಅವರ ನಮೂನೆ ತುಂಬಿದ್ದು ಅಂಗಡಿಯಲ್ಲೇ. ಅವರು ಒಂದು ಕೆಟ್ಟ ಆಟದ ಕೋಲು ಬಿಚ್ಚಿಕೊಂಡು ಕೂತಿದ್ದರು. "ಯಾರಿಂದ ಕೇಳಿದ್ರಿ ಚಾಚಾ?" ಎಂದೆ. ತಲೆ ಎತ್ತದೆ, "ದಾದಿ ಅಂತ ಬರಕೋರಿ" ಎಂದರು. ದಾದಿ ಎಂದರೆ ಅವರಲ್ಲಿ ಅಪ್ಪನ ತಾಯಿ. ನಾನು 'ಅಜ್ಜಿಯಿಂದ' ಎಂದು ಬರೆದೆ. ಒಂದೇ ಕಥೆಯ ಬೇರೆ ಬೇರೆ ರೂಪಗಳಿಗೆ ನಾವು ಪಾಠ ಎನ್ನುತ್ತೇವೆ; ಇದು ನೆನಪಿನ ಮೊದಲನೆಯ ಪಾಠ. ಎರಡನೆಯದನ್ನು ಮುಂದೆ ಹೇಳುತ್ತೇನೆ.

ಸಂಕಿರಣದ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಟೆಸ್ಟರ್ ಇಲ್ಲದ ಬರಿಗಿವಿಯಲ್ಲಿ ಬಸ್ ಸ್ಟ್ಯಾಂಡಿಗೆ ಬಂದರು. ಬಸ್ಸಿನಲ್ಲಿ ಉದ್ದಕ್ಕೂ ತುಟಿ ಅಲುಗಾಡುತ್ತಿತ್ತು. ತಾವು ಆಪಾ ಎಂದು ಕರೆಯುವ ಅಕ್ಕನನ್ನೂ ಬರಹೇಳಿರುವುದಾಗಿಯೂ, ಆಕೆ ಮಸರಕಲ್ಲಿನಿಂದ ಬರುತ್ತಾಳೆಂದೂ ಹೇಳಿದರು. ನನ್ನ ತಲೆಯಲ್ಲಿ ಪ್ರಾಧ್ಯಾಪಕರ ಊಟದ ವ್ಯವಸ್ಥೆ ಇತ್ತು. ಆ ಮಾತು ಈ ಕಿವಿಯಿಂದ ಬಂದು ಆ ಕಿವಿಯಿಂದ ಹೋಯಿತು.

ವೇದಿಕೆ ಹತ್ತಿ ಅವರು ಹೇಳಿದ್ದು ಪೈಲ್ವಾನನ ಕಥೆಯನ್ನೇ. ಮುಖವಾಡ, ಸತ್ತವರ ಊರು, ಬೋಳು ನಾಯಿ, ಹೊಳೆ. ಟೀವಿ ಇಲ್ಲದೆ, ಎರಡು ಕೈ, ಎಂಟು ದನಿಗಳಲ್ಲಿ. ಆಧಾರ ಕಾರ್ಡಿನ ಜಾಗಕ್ಕೆ ಬಂದಾಗ ಪ್ರಿನ್ಸಿಪಾಲರು ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. ರೊಟ್ಟಿ ಮಾರುವವಳ ಒಂದು ಸಾಲನ್ನು ಅವರು ಮೆಲ್ಲಗೆ, ದಖನಿಯಲ್ಲೇ ಹೇಳಿದರು. ಆ ಸಭಾಂಗಣದಲ್ಲಿ ಅಷ್ಟು ಜನ ಒಟ್ಟಿಗೆ ಸುಮ್ಮನಾದದ್ದನ್ನು ನಾನು ಮತ್ತೆ ನೋಡಿಲ್ಲ.

ಚಪ್ಪಾಳೆ ನಿಂತ ಮೇಲೆ ಪ್ರಾಧ್ಯಾಪಕರು ನಮೂನೆಯ ಹಾಳೆ ಕೈಗೆತ್ತಿಕೊಂಡರು. "ಬಹಳ ಅಪರೂಪದ ಪಾಠ ಇದು. ಅಜ್ಜಿಯಿಂದ ಕೇಳಿದ್ದು ಎಂದು ಇಲ್ಲಿ ನಮೂದಾಗಿದೆ" ಎಂದು ಓದಿದರು. ಆಗ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿ ಎದ್ದುನಿಂತ.

"ಸರ್, ಅಜ್ಜಿದಲ್ರಿ ಇದು, ವಿಡಿಯೊ ಗೇಮ್ ರೀ! ನಾನೂ ಆಡೀನಿ. ರಾಯಚೂರಾಗ ಇವರದs ಅಂಗಡಿ ಅದ."

ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಸ್ವಲ್ಪ ಹೊತ್ತಿನ ಹಿಂದಿನ ನಗು ಅಲ್ಲ, ಬೇರೆ ನಗು. ಪ್ರಾಧ್ಯಾಪಕರು ನಗಲಿಲ್ಲ. ಹಾಳೆಯ ತುದಿಯಲ್ಲಿದ್ದ ನನ್ನ ಸಹಿ ನೋಡಿ, ನನ್ನ ಕಡೆ ತಿರುಗಿದರು. "ಇದು ನಿಮಗೆ ಗೊತ್ತಿತ್ತೆ?"

ನಾನು ಎದ್ದುನಿಂತೆ. "ಇಲ್ಲ ಸರ್" ಎಂದೆ. "ಅಜ್ಜಿಯಿಂದ ಕೇಳಿದ್ದು ಎಂದು ಅವರು ಹೇಳಿದರು, ನಾನು ನಂಬಿದೆ. ವಕ್ತೃ ನನಗೆ ತಪ್ಪು ಮಾಹಿತಿ ಕೊಟ್ಟಿದ್ದಾರೆ."

ಈ ಮಾತುಗಳು ಮಾತ್ರ ನನಗೆ ಅಕ್ಷರಶಃ ನೆನಪಿವೆ. ಇವುಗಳ ಬಗ್ಗೆ ಸಂಶಯಪಡುವ ಸೌಲಭ್ಯ ನನಗೆ ದಕ್ಕಿಲ್ಲ.

ಎದ್ದುನಿಂತ ಹುಡುಗ ಬಾಯಿ ತೆರೆದ. ಅಂಗಡಿಯಲ್ಲಿ ಆಡಿದವನೆಂದರೆ ಅವನು ನನ್ನನ್ನೂ ಅಲ್ಲಿ ನೋಡಿರಲೇಬೇಕು. "ಆದ್ರ ಸರ್, ನೀವೂ..." ಎಂದನೋ, ಎನ್ನಲು ಹೊರಟಿದ್ದನೋ. ಅಷ್ಟರಲ್ಲಿ ಚಾಚಾ ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡರು.

"ಸರ್ ಗೆ ಏನೂ ಗೊತ್ತಿಲ್ರಿ. ಅವರು ಮ್ಯಾಲ ಖೋಲ್ಯಾಗ ಓದಿಕೋತ ಕುಂದ್ರವರು, ಕೆಳಗ ನಮ್ಮ ಅಂಗಡಿಗೆ ಒಂದ ದಿನಾನೂ ಕಾಲಿಟ್ಟಿಲ್ಲ. ಸುಳ್ಳು ನಂದು. ನೌಕರೀಗೆ ತ್ರಾಸ ಮಾಡಬ್ಯಾಡ್ರಿ ಅವರಿಗೆ."

ಆಮೇಲೆ ಎರಡೂ ಕೈ ಜೋಡಿಸಿ ಮುಗಿದು, ಮೆಟ್ಟಿಲಿಳಿದರು. ಪ್ರಿನ್ಸಿಪಾಲರು ಮುಂದಿನ ವಕ್ತೃವನ್ನು ಕರೆದರು. ನಾನು ಕೂತೆ.

ನಾನು ಅವರ ಹಿಂದೆ ಹೋಗಲಿಲ್ಲ. ಸಾಯಂಕಾಲದವರೆಗೆ ಪ್ರಾಧ್ಯಾಪಕರ ಜೊತೆಗಿದ್ದೆ. ಊಟ ಮಾಡುವಾಗ ಅವರು, "ಮೋಸ ಹೋದದ್ದೂ ಒಂದು ಸಂಶೋಧನೆಯೇ, ಅದನ್ನೇ ಬರೆಯಿರಿ" ಎಂದರು. ನಾನು ಬರೆದೆ. ಹೊಸ ಮಾಧ್ಯಮಗಳಿಂದ ಮೌಖಿಕ ಪರಂಪರೆ ಹೇಗೆ ಕಲುಷಿತವಾಗುತ್ತಿದೆ ಎಂಬ ಹದಿನಾಲ್ಕು ಪುಟಗಳ ಪ್ರಬಂಧ. ಅದರಲ್ಲಿ ಅವರಿಗೆ ಹೆಸರಿಲ್ಲ. 'ಸದರಿ ವಕ್ತೃ' ಎಂದಿದೆ. ಆ ಪ್ರಬಂಧ ಅಚ್ಚಾಯಿತು, ನನ್ನ ಕೆಲಸ ಕಾಯಂ ಆಯಿತು. ಎರಡಕ್ಕೂ ಸಂಬಂಧವಿಲ್ಲ ಎಂದು ನನಗೆ ನಾನೇ ಹೇಳಿಕೊಂಡಷ್ಟು ಸಲ ಬೇರೆ ಯಾವ ಮಾತನ್ನೂ ಹೇಳಿಕೊಂಡಿಲ್ಲ.

ಅಂಗಡಿ ಮರುದಿನ ಎಂದಿನಂತೆ ತೆರೆಯಿತು. ಅವರು ನನಗೆ ಎಂದಿನಂತೆ "ಬರ್ರಿ ಸರ್" ಎಂದರು. ಆದರೆ ಓಣಿಗೆ ಸುದ್ದಿ ಬಂದಿತ್ತು. ಆಡಲು ಬಂದವರಲ್ಲಿ ಒಬ್ಬ ಚೇಷ್ಟೆಗೆ, "ಚಾಚಾ, ದಾದಿ ಗೇಮ್ ಹಚ್ಚರಿ" ಎಂದ. ಅವರೂ ನಕ್ಕರು. ದೊಡ್ಡ ಟೀವಿಯಲ್ಲಿ ಆಟ ಹಚ್ಚಿ ಹಿಂದಿನ ಸ್ಟೂಲಿನ ಮೇಲೆ ಕೂತರು, ಮೊಣಕಾಲು ಹಿಡಿದುಕೊಂಡರು. ಕಾವಲುಗಾರ ಬಂದ. ತಲೆಯ ಮೇಲೆ ಚೌಕ ಮೂಡಿತು. ಆಡುವವನು ಕಾದ. ಚೌಕ ಹೋಯಿತು. ಇನ್ನೊಂದು ಬಂತು, ಹೋಯಿತು.

"ಮಾತಾಡ್ರಿ ಚಾಚಾ."

"ಗಂಟಲಾ ಸರಿಯಿಲ್ಲೋ. ನೀನs ಓದಿಕೋ, ಸಾಲಿ ಕಲ್ತೀಯಲ್ಲ."

ಆ ಗಂಟಲು ಮತ್ತೆ ಸರಿಹೋಗಲಿಲ್ಲ. ಆಟದ ಬಾಜಾ, ಗುದ್ದಿನ ಸದ್ದು, ಕೂಲರಿನ ಸದ್ದು, ಇಷ್ಟೇ. ಒಂದು ಭಾನುವಾರ ನಾನು ಕೂತು, ಬೇಕೆಂದೇ ಪೈಲ್ವಾನನನ್ನು ರೊಟ್ಟಿ ಮಾರುವವಳ ಮೂಲೆಗೆ ತಂದೆ. ಚೌಕ ಮೂಡಿತು. ಅವರು ಬಾಗಿಲ ಹೊರಗೆ ನೋಡುತ್ತ ಕೂತಿದ್ದರು. ನಾನು ಹಿಂದೆ ಸರಿದು ಮತ್ತೆ ಹತ್ತಿರ ಬಂದೆ. ಮತ್ತೆ ಚೌಕ. ಅವಳು ಹೂ ಮುಡಿದ ಬುರುಡೆಯನ್ನು ಅತ್ತಿತ್ತ ಆಡಿಸುತ್ತ ಏನೂ ಹೇಳದೆ ಕೂತಿದ್ದಳು. ಮೂರನೆಯ ಸಲ ಮಾಡುವಷ್ಟು ಧೈರ್ಯ ನನಗಿರಲಿಲ್ಲ. ಕೋಲು ಕೆಳಗಿಟ್ಟು ಮೇಲೆ ಹೋದೆ.

ಕ್ಷಮೆ ಕೇಳಲಿಲ್ಲವೇ ಎಂದರೆ, ಕೇಳಿದ್ದೇನೆ ಎಂದು ಕೆಲವು ವರ್ಷ ಅಂದುಕೊಂಡಿದ್ದೆ. ಮೆಟ್ಟಿಲ ಬಳಿ ನಿಂತು ಕೇಳಿದ ದೃಶ್ಯ ಕಣ್ಣಿಗೆ ಕಟ್ಟಿದಂತಿದೆ. ಅವರು "ಬಿಡ್ರಿ ಸರ್" ಎನ್ನುತ್ತಾರೆ, ನಾನು ಅವರ ಕೈ ಹಿಡಿದುಕೊಳ್ಳುತ್ತೇನೆ. ಆದರೆ ಆ ದೃಶ್ಯದಲ್ಲಿ ನಾನು ನನ್ನನ್ನೇ ಹೊರಗಿನಿಂದ ನೋಡುತ್ತಿರುತ್ತೇನೆ. ನಡೆದದ್ದನ್ನು ಯಾರೂ ಹಾಗೆ ನೆನೆಯುವುದಿಲ್ಲ, ಕಲ್ಪಿಸಿಕೊಂಡದ್ದನ್ನು ಮಾತ್ರ. ಕೇಳಿರಲಿಕ್ಕಿಲ್ಲ.

ನಿಜವಾಗಿ ನಡೆದದ್ದು ಬೇರೆ. ಅಚ್ಚಾದ ಪ್ರಬಂಧವನ್ನು ನಾನು ಅವರಿಗೆ ತೋರಿಸಿರಲಿಲ್ಲ. ಯಾರಿಂದಲೋ ಓದಿಸಿಕೊಂಡಿದ್ದರು. ಒಂದು ದಿನ ನಾನು ಬಸ್ಸಿಗೆ ಹೊರಟಾಗ ಕರೆದು, ಕೋಪವಿಲ್ಲದೆ, ರಿಪೇರಿಗೆ ಬಂದ ರೇಡಿಯೊ ಬಗ್ಗೆ ಕೇಳುವ ದನಿಯಲ್ಲೇ ಕೇಳಿದರು. "ಎಲ್ಲಾ ಬರ್ದೀರಿ ಸರ್, ಚಲೋ ಬರ್ದೀರಿ. ಅದರಾಗ ಮಂದಿ ನಕ್ಕಿದ್ದು ಎಲ್ಲಿ ಅದ ರೀ?"

ಇರಲಿಲ್ಲ. ಹದಿನಾಲ್ಕು ಪುಟಗಳಲ್ಲಿ ಯಾರೂ ಒಮ್ಮೆಯೂ ನಕ್ಕಿರಲಿಲ್ಲ. ನಾನು ಆ ತಿಂಗಳೇ ಮಾನ್ವಿಗೆ ಮನೆ ಬದಲಾಯಿಸಿದೆ. ಓಡಾಟ ಕಷ್ಟ ಎಂದು ಎಲ್ಲರಿಗೂ ಕಾರಣ ಹೇಳಿದೆ.

ಆಮೇಲೆ ಎಲ್ಲರ ಕೈಗೂ ಫೋನು ಬಂತು, ಆಟಗಳು ಅದರೊಳಗೇ ಬಂದವು. ಅಂಗಡಿ ಮುಚ್ಚಿತೆಂದೂ, ಅವರು ಮಸರಕಲ್ಲಿಗೆ ಅಕ್ಕನ ಮನೆಗೆ ಹೋದರೆಂದೂ ಕೇಳಿದೆ. ಮಾನ್ವಿಯಿಂದ ಮಸರಕಲ್ಲು ಎಷ್ಟು ದೂರ? ಹೋಗಲಿಲ್ಲ. ಹೋದ ವರ್ಷ ಸ್ಟೇಷನ್ ರಸ್ತೆಯಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದಾಗ ಹೋಟೆಲಿನವನು, "ನಿಮ್ಮ ಚಾಚಾ ಹೋದ್ರಲ್ರಿ ಸರ್, ನಾಡದು ನಲವತ್ತು" ಎಂದ. ನಲವತ್ತನೆಯ ದಿನ ಅವರಲ್ಲಿ ಸತ್ತವರ ಹೆಸರಿನಲ್ಲಿ ಊಟವಿರುತ್ತದೆ. ಆ ದಿನ ಮಸರಕಲ್ಲಿಗೆ ಹೋಗಲು ದೇವದುರ್ಗದ ಬಸ್ಸು ಹತ್ತಿದೆ.

ಎರಡನೆಯ ಪಾಠ ನನಗೆ ನೆನಪಾದದ್ದು ಆ ಬಸ್ಸಿನಲ್ಲೇ. ಗಬ್ಬೂರು ದಾಟುವ ಹೊತ್ತಿಗೆ, ಏನೂ ಕಾರಣವಿಲ್ಲದೆ. ನಮೂನೆ ತುಂಬುವಾಗ ನಾನು ಅವರನ್ನು ಕೇಳಲೇ ಇಲ್ಲ. 'ಅಜ್ಜಿಯಿಂದ' ಎಂದು ನಾನೇ, ಕೈಗೆ ರೂಢಿಯಾದ್ದರಿಂದ, ಬರೆದು ಸಹಿ ಹಾಕಲು ಅವರ ಕಡೆ ತಿರುಗಿಸಿದ್ದೆ. ಏನು ಬರೆದಿದ್ದೇನೆಂದು ಅವರು ಕೇಳಿದರು. ಓದಿ ಹೇಳಿದೆ. "ಗೇಮಿನಿಂದ ಅಂತ ಬರಿಯಾಕ ಜಾಗಾ ಇಲ್ಲೇನ್ರಿ?" ಎಂದರು. "ಅದಕ್ಕೆ ಕಾಲಂ ಇಲ್ಲ ಚಾಚಾ" ಎಂದೆ. ಸ್ವಲ್ಪ ಹೊತ್ತು ಆಟದ ಕೋಲಿನ ಸ್ಪ್ರಿಂಗು ತಿರುವುತ್ತಿದ್ದು, "ಹಂಗಾರ ದಾದಿ ಅಂತs ಇರಲಿ" ಎಂದರು. ಇದೇ ನಿಜವೋ? ಸಾಯುವವರೆಗೆ ಅವರ ಮುಖ ನೋಡದವನು, ಸತ್ತ ಮೇಲೆ ತನ್ನನ್ನೇ ಹೆಚ್ಚು ಹೀನನನ್ನಾಗಿ ಮಾಡಿಕೊಂಡು ಹಗುರಾಗಲು ಕಟ್ಟಿದ್ದೋ? ನನಗೆ ತಿಳಿಯದು. ನಮೂನೆಯಲ್ಲಿರುವ ಅಕ್ಷರ ಮಾತ್ರ ನನ್ನದೇ.

ಅವರ ಅಕ್ಕ ನನ್ನನ್ನು ನೋಡಿದ ಕೂಡಲೇ ಗುರುತಿಸಿದರು. ಎಪ್ಪತ್ತು ದಾಟಿದ, ತಮ್ಮನ ಹಾಗೆಯೇ ಉದ್ದ ಬೆರಳುಗಳ ಹೆಂಗಸು. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಒಳಬಾಗಿಲಲ್ಲಿ ಮನೆಯ ನಾಲ್ಕಾರು ಹೆಂಗಸರು ನಿಂತಿದ್ದರು.

"ನಿಮಗೆ ನನ್ನ ಗುರುತು ಹೇಗೆ?" ಎಂದೆ.

"ಮಾನ್ವಿ ಕಾಲೇಜಿನಾಗ ನೋಡೀನಲ್ರಿ. ಹಿಂದ ಹುಡಿಗ್ಯಾರ ಸಂಗಾಟ ಕುಂತಿದ್ದೆ. ನೀವು ಎದ್ದು ನಿಂತು ಅಂದದ್ದೂ ಕೇಳಿದೆ."

ನಾನು ತಲೆ ತಗ್ಗಿಸಿದೆ. ಆಕೆಯ ದನಿಯಲ್ಲಿ ಚುಚ್ಚು ಇರಲಿಲ್ಲ. ಬಸ್ಸು ಹೊತ್ತಿಗೆ ಬಂತೇ ಎಂದು ಕೇಳಿದಷ್ಟೇ ಸಹಜವಾಗಿತ್ತು.

"ಬಸ್ಸಿನಾಗ ತಿರುಗಿ ಬರೋವಾಗ ತಮ್ಮನ್ನ ಕೇಳಿದೆ ರೀ, ಯಾಕಪಾ, ಸರ್ ಅಂದಂಗ ಸುಳ್ಳು ಹೇಳ್ದೇನು ಅಂತ. 'ಹೂಂ ಆಪಾ, ಸರ್ ಖರೇ ಅಂದ್ರು' ಅಂದ. ಎರಡು ವಾರದಿಂದ ಕಲ್ತಿದ್ದ ಅಂವ, ಇಲ್ಲೆ ಬಂದು ನಮ್ಮ ಮುಂದ ಮಾಡಿ ತೋರಸ್ತಿದ್ದ. 'ಸರ್ ಗೆ ಇದs ಬೇಕಂತ ಆಪಾ, ಬ್ಯಾರೇದು ಬ್ಯಾಡಂದಾರ' ಅಂತಿದ್ದ."

ಹಾಗಾದರೆ ಅದೂ ಸುಳ್ಳು. "ನಿಮಗೆ ಇಷ್ಟವಾದ್ದು ಹೇಳಿ" ಎಂದು ನಾನು ಹೇಳಿರಲೇ ಇಲ್ಲ. ಆದರೂ ನನ್ನೊಳಗಿನ ಸಂಶೋಧಕ ಸಾಯಲಿಲ್ಲ. ನಾಚಿಕೆಯಿಲ್ಲದೆ ಕೇಳಿದೆ, "ಯವ್ವಾ, ಆ ಕಥೆ ನಿಮ್ಮ ದಾದಿಯದ್ದೇ ಏನು? ಆ ಆಟ ಬರುವ ಮೊದಲೇ ಅವರು ನಿಮಗೆ ಹೇಳುತ್ತಿದ್ದರೆ?"

ಆಕೆ ನನ್ನನ್ನು ಕನಿಕರದಿಂದ ನೋಡಿದರು. "ನಮ್ಮ ದಾದಿ ಮೂಕಿ ರೀ ಸರ್. ಹುಟ್ಟು ಮೂಕಿ."

ಬಾಗಿಲಲ್ಲಿದ್ದ ಹೆಂಗಸರಲ್ಲಿ ಒಬ್ಬಳು ಹೌದು ಎಂಬಂತೆ ತಲೆಯಾಡಿಸಿದಳು.

"ಕೈಯಾಗs ಹೇಳ್ತಿದ್ಲು ಎಲ್ಲಾ. ನಾವು ಸಣ್ಣೋರು, ಅಂಗಳದಾಗ ಕುಂತು ನೋಡ್ತಿದ್ವಿ. ನಮಗ ಯಾರಿಗೂ ತಿಳೀತಿರಲಿಲ್ಲ. ತಮ್ಮಾ ಬಾಜೂಕ ಕುಂತು, ಆಕಿ ಕೈ ಆಡಿಸಿದಂಗ ಮಾತು ಹಾಕ್ತಿದ್ದ. ರಾಜಾಗ ಒಂದು ದನಿ, ಭೂತಕ್ಕ ಒಂದು. ಆಕಿ ಏನಂದ್ಲೋ, ಇಂವ ಏನಂದ್ನೋ! ಒಂದೊಂದು ಸಲ ಆಕೀನs ಇವನ ಬಾಯಿ ನೋಡಿ, ಕೈ ಬಿಟ್ಟು ನಗ್ತಿದ್ಲು. ಸದ್ದಿರ್ತಿರಲಿಲ್ಲ, ಹೆಗಲು ಅಷ್ಟ ಅಳ್ಳಾಡತಿದ್ವು."

ನನ್ನ ನಮೂನೆಯ ಕಾಲಂ ಕಣ್ಣ ಮುಂದೆ ಬಂತು. ಯಾರಿಂದ ಕೇಳಿದ್ದು. ಅವರು ಯಾರಿಂದಲೂ ಏನನ್ನೂ ಕೇಳಿರಲಿಲ್ಲ. ಮಾತಿಲ್ಲದವರ ಪಕ್ಕದಲ್ಲಿ ಕೂತು ಮಾತು ಕೊಡುವುದು ಅವರಿಗೆ ಸಣ್ಣಂದಿನಿಂದ ಬಂದ ವಿದ್ಯೆ. ಅಜ್ಜಿಯ ಕೈಗಳಿಗೆ, ಆಮೇಲೆ ಯಾವುದೋ ದೇಶದ ಎಲುಬುಗಳಿಗೆ, ಆಮೇಲೆ ತೀರಿಹೋದ ಹೆಂಡತಿಗೆ. ಆ ದಿನ ಸಭೆಯಲ್ಲಿ ಸುಳ್ಳು ಹೇಳಿ ಬಾಯಿ ಸತ್ತು ನಿಂತ ನನಗೂ. "ಸರ್ ಗೆ ಏನೂ ಗೊತ್ತಿಲ್ರಿ." ಅದಾದ ಮೇಲೆ ಅವರು ಯಾರಿಗೂ ಮಾತು ಹಾಕಲಿಲ್ಲ.

"ಇಲ್ಲಿಗೆ ಬಂದ ಮೇಲಾದರೂ ಏನಾದರೂ ಹೇಳುತ್ತಿದ್ದರೇ?" ಎಂದು ಕೇಳಿದೆ.

"ಇಲ್ರಿ. ಮನ್ಯಾಗಿನೋರು ಕೇಳಿ ಕೇಳಿ ಸೋತ್ರು. 'ಸರ್ ಗೆ ಎಲ್ಲಾ ಗೊತ್ತದ, ಅವರು ಬರ್ದಿಟ್ಟಾರ' ಅಂತಿದ್ದ." ಆಕೆ ಸೆರಗು ಸರಿಪಡಿಸಿಕೊಂಡು ನನ್ನೆದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. "ದಾದಿ ಕೈ ನನಗ ಇನ್ನಾ ನೆನಪದ ರೀ. ಮಾತು ಮರ್ತೋಗ್ಯಾವ. ನೀವು ಹಾಕ್ರಿ."

ಬಲಗೈಯನ್ನು ಮಗ್ಗುಲಾಗಿ ಹಿಡಿದು ನಿಧಾನವಾಗಿ ಸರಿಸಿದರು. ನೀರಿರಬಹುದು, ಹಾವಿರಬಹುದು, ದಾರಿಯೂ ಇರಬಹುದು. ಎಡಗೈಯ ಎರಡು ಬೆರಳು ಅದರ ದಂಡೆಗೆ ನಡೆದು ಬಂದು ನಿಂತವು. ಬಗ್ಗಿ ನೋಡಿದವು. ಆಮೇಲೆ ಮುಷ್ಟಿ ಎದೆಗೆ ಬಂತು, ಬಿಚ್ಚಿಕೊಂಡಿತು, ಬೆರಳುಗಳು ಏನನ್ನೋ ಕರೆಯುವಂತೆ ಒಂದೊಂದಾಗಿ ಮಡಚಿಕೊಂಡವು. ಬಾಗಿಲಲ್ಲಿದ್ದ ಹೆಂಗಸರು ನನ್ನ ಬಾಯಿ ನೋಡುತ್ತಿದ್ದರು, ಅವರ ಮುಖದಲ್ಲಿ ನಗು ಆಗಲೇ ಸಿದ್ಧವಾಗಿತ್ತು.

ನಾನು ಬಾಯಿ ತೆರೆದೆ. ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುವವನು. ಇದು ಆ ಹೊಳೆಯೋ ಬೇರೆಯೋ, ಇದು ಯಾವ ಕಥೆಯ ಯಾವ ಪಾಠ ಎಂದು ತಲೆ ಹುಡುಕುತ್ತಿತ್ತು.

ಆಕೆ ಇನ್ನೊಮ್ಮೆ ಮಾಡಿದರು, ಈ ಸಲ ಮಗುವಿಗೆ ತೋರಿಸುವಂತೆ ನಿಧಾನವಾಗಿ. ಬೆರಳುಗಳು ದಂಡೆಗೆ ಬಂದು ಕಾದವು.

ಕಾದೇ ಇದ್ದವು. ಆಮೇಲೆ ಆಕೆ ಕೈಗಳನ್ನು ಮಡಿಲಿಗೆ ತೆಗೆದುಕೊಂಡು ಸೆರಗು ಮುಚ್ಚಿದರು.

"ಇರ್ಲಿ ಬಿಡ್ರಿ ಸರ್" ಎಂದರು. "ಕೈ ತೊಳಕೋರಿ, ಉಂಡು ಹೋಗೀರಂತ."